ನಾತದ ಹಗೇವು

ಸಂತೆಕಲ್ಲೂರಿನಲ್ಲಿ ನಾತ ನಿಂತ ದಿನ ಜನ ಸಕ್ಕರೆ ಹಂಚಿದರು. ಉತ್ಪ್ರೇಕ್ಷೆಯ ಮಾತಲ್ಲ ಇದು. ಬಸ್ ನಿಲ್ಲುವ ಜಾಗದ ಚಹಾದಂಗಡಿಯವನು ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದು ಕಂಡಕಂಡವರ ಅಂಗೈಗೆ ಸುರಿದ. ಯಮನೂರಮ್ಮನ ಅಂಗೈಗೂ ಬಿತ್ತು. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳದೆ ಮುಷ್ಟಿಯಲ್ಲೇ ಹಿಡಿದು, ಹೊಲದಾಚೆ ಕಾಣುವ ಕಾರ್ಖಾನೆಯ ಕಡೆ ಮುಖ ಮಾಡಿ ನಿಂತಳು. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ನಿನ್ನೆಯವರೆಗೆ ಆ ಗಾಳಿ ಬಂದರೆ ಕೂಸುಗಳು ಕುಡಿದ ಹಾಲು ಕಕ್ಕುತ್ತಿದ್ದವು. ಈಗ ಮಲ್ಲಿಗೆ ಎಣ್ಣೆಯ ವಾಸನೆ ಬರುತ್ತಿತ್ತು.

"ಅಷ್ಟು ನಾತ ಎಲ್ಲಿಗಿ ಹೋತು?" ಎಂದಳು.

"ಎಲ್ಲಿಗರ ಹಾಳಾಗಿ ಹೋಗ್ಲಿ ಬಿಡಬೇ, ಹೋತಲ್ಲ," ಎಂದ ಚಹಾದಂಗಡಿಯವನು. "ನೀ ಏನು ಅದನ್ನ ಹುಡುಕಿ ಕರಕೊಂಡು ಬರಾಕಿ ಅದಿ ಏನು?"

ಸುತ್ತಲಿನವರು ನಕ್ಕರು. ಯಮನೂರಮ್ಮನೂ ನಕ್ಕಳು, ಆದರೆ ಸಕ್ಕರೆ ತಿನ್ನಲಿಲ್ಲ. ಮನೆಗೆ ಬರುವಷ್ಟರಲ್ಲಿ ಅದು ಬೆವರಿಗೆ ಕರಗಿ ಅಂಗೈಯೆಲ್ಲ ಜಿಗಟಾಗಿತ್ತು. ತೊಳೆದುಕೊಂಡಳು.

ನಾತ ಅಂದರೆ ಅಂತಿಂಥ ನಾತವಲ್ಲ. ಸಿಂಧನೂರಿನಲ್ಲಿ ಅಕ್ಕಿ ಮಿಲ್ಲು ಇಟ್ಟುಕೊಂಡಿದ್ದ ಸಾವಕಾರನೊಬ್ಬ ಎಂಬತ್ತರ ದಶಕದ ನಡುವೆ ಬಂದು ಮಸ್ಕಿ–ಲಿಂಗಸುಗೂರು ರಸ್ತೆಯ ಪಕ್ಕ ಅಂಟಿನ ಕಾರ್ಖಾನೆ ಹಾಕಿದ. ಲಾರಿಗಟ್ಟಲೆ ತೊಗಲಿನ ಚೂರು, ಗೊರಸು, ಎಲುಬು ತರಿಸುವುದು. ಸುಣ್ಣದ ನೀರಿನಲ್ಲಿ ಕೊಳೆಯಲು ಹಾಕುವುದು. ಆಸಿಡ್ ಹಾಕಿ ತೊಳೆಯುವುದು. ಹಂಡೆಗಳಲ್ಲಿ ಬೇಯಿಸಿ ಬಡಗಿಗಳು ಬಳಸುವ ಅಂಟು ಮಾಡುವುದು. ಬೇಯಿಸುವ ದಿನ ಸಿಂಧನೂರು ಬಸ್ಸು ಮಸ್ಕಿ ದಾಟುತ್ತಿದ್ದಂತೆಯೇ ಕಂಡಕ್ಟರ್ ಕಿಟಕಿ ಮುಚ್ಚಿಸುತ್ತಿದ್ದ. ಊರಿಗೆ ಬಂದ ಬೀಗರು ಎಲೆಯ ಮುಂದೆ ಕೂತವರು ಹಾಗೇ ಎದ್ದು ಹೋದದ್ದುಂಟು. ಇನ್ನು ಅಲ್ಲಿ ದುಡಿಯುವವರ ಪಾಡು ಕೇಳಬೇಡಿ. ಯಮನೂರಮ್ಮನ ಗಂಡ ಗ್ಯಾನಪ್ಪ ಬಸ್ಸು ಹತ್ತಿದರೆ ಅಕ್ಕಪಕ್ಕದ ಸೀಟು ತಾವಾಗಿಯೇ ಖಾಲಿಯಾಗುತ್ತಿದ್ದವು. "ಸಾವಕಾರಗೂ ಇಲ್ಲ ಇಂಥ ಮರ್ಯಾದಿ," ಎಂದು ಅವನು ಕಾಲು ಚಾಚಿ ಕೂರುತ್ತಿದ್ದ. ಮನೆಗೆ ಬಂದರೆ ಅವಳು ಅವನನ್ನು ಹಿತ್ತಲಲ್ಲೇ ತಡೆದು, ಹುಣಸೆಹಣ್ಣು ಸೀಗೆಪುಡಿ ಹಚ್ಚಿ, ಎಮ್ಮೆ ತೊಳೆದಂತೆ ತೊಳೆದು ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತಿದ್ದಳು.

ಗ್ಯಾನಪ್ಪ ಮೂಲದಲ್ಲಿ ಕಾರ್ಖಾನೆಯವನಲ್ಲ, ಹಗೇವಿನವನು. ಬಿಳಿಜೋಳದ ಈ ಎರೆಸೀಮೆಯಲ್ಲಿ ಹಿಂದಿನಿಂದ ಕಾಳನ್ನು ನೆಲದೊಳಗೆ ಇಡುತ್ತಿದ್ದರು. ಮೇಲೆ ಒಬ್ಬ ಮನುಷ್ಯ ನುಸುಳುವಷ್ಟು ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ. ಸುತ್ತ ಜೋಳದ ಒಣದಂಟಿನ ಸೊಪ್ಪೆ ಹಾಸಿ, ಜೋಳ ಸುರಿದು, ಚಪ್ಪಡಿ ಎಳೆದು, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಕೆಡುವುದು ಒಳಗಿನ ಗಾಳಿ. ತೆಗೆದ ಕೂಡಲೇ ಇಳಿದವನು ಕಾಳಿನ ಮೇಲೆಯೇ ಮಲಗುತ್ತಾನೆ, ಮತ್ತೆ ಏಳುವುದಿಲ್ಲ. ಅದಕ್ಕೇ ಬಾಯಿ ತೆಗೆದು ಆರಲು ಬಿಟ್ಟು, ಸೀಮೆಎಣ್ಣೆಯ ಚಿಮಣಿ ಬುಡ್ಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿತೋ, ಯಾರೂ ಇಳಿಯಕೂಡದು. ದೀಪ ಉರಿದರೆ ಮನುಷ್ಯನೂ ಉಳಿಯುತ್ತಾನೆ. ಈ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಬೆಂಕಿ ಸುಡುತ್ತದೆ ಎಂಬುದನ್ನು ಕಲಿಸುವುದಿಲ್ಲವಲ್ಲ ಹಾಗೆ.

ಯಮನೂರಮ್ಮನ ಅಪ್ಪ ಬಸ್ಸಪ್ಪನಿಗೂ ಗೊತ್ತಿತ್ತು. ಆದರೆ ಮುದಗಲ್ಲಿನಲ್ಲಿ ಯಾರದೋ ಮನೆಯ ಮದುವೆಗೆ ಅವಸರವಾಗಿ ಜೋಳ ಬೇಕಾಯಿತು. ಇಷ್ಟು ಹೊತ್ತು ಆರಿದೆಯಲ್ಲ ಎಂದು ದೀಪ ಬಿಡದೆ ಇಳಿದುಬಿಟ್ಟ. ಹಗೇವಿನ ಬಾಯಿಯ ಹತ್ತಿರ ಕೂತು ಕಾಳಿಗೆ ಸೆರಗೊಡ್ಡಿದ್ದ ಮಗಳಿಗೆ ಅಪ್ಪ ಎರಡನೆಯ ಪುಟ್ಟಿ ಎತ್ತಿ ಕೊಡಲಿಲ್ಲ. ಮುಂದೆ ಹಗೇವು ಇಳಿಯುವ ಗ್ಯಾನಪ್ಪನ ಮನೆಯಿಂದಲೇ ಹೆಣ್ಣು ಕೇಳಲು ಬಂದಾಗ ಅವಳು ನಾಚಿಕೆ ಬಿಟ್ಟು ಎಲ್ಲರ ಎದುರು ಒಂದು ಮಾತು ಕೇಳಿದಳು. "ದೀಪ ನಾ ಹಿಡೀತೀನಿ. ನಾ ಇಳಿ ಅಂದ್ರ ಇಳಿಬೇಕು, ಬ್ಯಾಡ ಅಂದ್ರ ಇಲ್ಲ. ಹೂಂ ಅಂದ್ರ ಕುಂಕುಮ ಹಚ್ರಿ." ಗ್ಯಾನಪ್ಪ ಹೂಂ ಅಂದ. ಅವತ್ತಿನಿಂದ ಯಾವ ಊರಿನ ಯಾವ ಹಗೇವು ಇರಲಿ, ಬಾಯಿಯ ಮೇಲೆ ಅವಳು ಬಗ್ಗಿ ಕೂತು, ಕೆಳಗಿನ ದೀಪವನ್ನು ಕಣ್ಣು ಪಿಳುಕಿಸದೆ ನೋಡಿ, "ದೀಪ ಐತಿ, ಇಳಿ" ಎಂದ ಮೇಲೆಯೇ ಅವನು ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಅವಳ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಬರುಬರುತ್ತ ಹಗೇವುಗಳಿಗೇ ಕೊನೆಗಾಲ ಬಂತು. ಸಿಂಧನೂರು, ಮುಕ್ಕುಂದದ ಕಡೆಯಿಂದ ಕಾಲುವೆ ನೀರಿನ ಅಕ್ಕಿ ಅಂಗಡಿ ಅಂಗಡಿಗೂ ಬಂತು. ಜೋಳ ಚೀಲದಲ್ಲಿ ಕೂತಿತು. ಒಂದೊಂದೇ ಹಗೇವಿಗೆ ಕಲ್ಲು ತುಂಬಿಸಿ ಮೇಲೆ ಕಟ್ಟೆ ಕಟ್ಟಿದರು. ಕಾರ್ಖಾನೆಗೆ ಗುಂಡಿಗೆ ಹೆದರದ ಆಳು ಬೇಕಿತ್ತು, ಗ್ಯಾನಪ್ಪ ಹೋದ. ಅವನ ಬೆನ್ನಿಗೆ ತಮ್ಮ ಮೈಲಾರಲಿಂಗಪ್ಪ, ಮನೆಯವರ ಬಾಯಲ್ಲಿ ಮೈಲಾರಿ, ಅವನೂ ತೊಗಲು ಕತ್ತರಿಸುವ ಕೆಲಸಕ್ಕೆ ಸೇರಿದ. ಯಮನೂರಮ್ಮನ ಚಿಮಣಿ ಅಡುಗೆಮನೆಯ ಗೂಡಿನಲ್ಲಿ ಕೂತುಕೊಂಡಿತು.

ನಾತ ತಾಳಲಾರದೆ ಕಡೆಗೆ ಊರಿನವರು ರಸ್ತೆಗೆ ಮುಳ್ಳು ಹಚ್ಚಿ ಬಸ್ಸು ಲಾರಿ ತಡೆದರು. ಸರಕಾರದ ಸಾಹೇಬರು ಜೀಪಿನಲ್ಲಿ ಬಂದು, ಕರವಸ್ತ್ರ ಮೂಗಿಗೆ ಒತ್ತಿಕೊಂಡು ಒಳಗೆ ಹೋಗಿ ಬಂದರು. ನಾತ ನಿಲ್ಲಿಸು, ಇಲ್ಲವೇ ಬೀಗ ಹಾಕು ಎಂದು ಸಾವಕಾರನಿಗೆ ಹೇಳಿದರಂತೆ. ಸಾವಕಾರ ಹೈದರಾಬಾದಿನಿಂದ ಒಬ್ಬ ಎಂಜಿನಿಯರನನ್ನು ಕರೆಸಿದ. ಹೀಗೆ ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಬೇಯಿಸುವ ಮನೆಯ ಪಕ್ಕ ನೀರಿನ ಟಾಕಿಯಂಥ ಒಂದು ಟವರು ಎದ್ದಿತು.

ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಗ್ಯಾನಪ್ಪ ರೊಟ್ಟಿ ಮುರಿಯುತ್ತ ಹೆಂಡತಿಗೆ ವಿವರಿಸಿದ. ತಾನೇ ಕಟ್ಟಿಸಿದಂತೆ ಹೆಮ್ಮೆ ಅವನಿಗೆ.

"ಹಂಡ್ಯಾಗಿನ ಉಗಿ ಐತಲ್ಲ, ಅದನ್ನ ದೊಡ್ಡದೊಂದು ಫ್ಯಾನು ಎಳಕೊಂಡು ಟವರಿನ ಬುಡಕ್ಕ ತುರುಕತೈತಿ. ಟವರಿನ ತುಂಬ ಇಟ್ಟಂಗಿ ಚೂರು. ಮ್ಯಾಲಿಂದ ಸೋಡಾ ಕಲಸಿದ ನೀರು ಮಳಿ ಬಂದಂಗ ಬೀಳತೈತಿ. ಉಗಿ ಮ್ಯಾಲ ಹೋಗಬೇಕು, ನೀರು ಕೆಳಗ ಬರಬೇಕು. ನಡುವ ಎರಡೂ ಹಾಯ್ದು ನಾತ ನೀರಿಗಿ ಅಂಟಿಬಿಡತೈತಿ. ಉಳದ ಚೂರು ಪಾರು ನಾತಕ್ಕ ತುದ್ಯಾಗ ಮಲ್ಲಿಗಿ ಎಣ್ಣಿ ಸಿಡಸ್ತಾರ. ಮುಗೀತು."

"ನಾತ ನೀರಿಗಿ ಅಂಟತೈತಿ."

"ಹೂಂ ಅಂದೆನಲ್ಲ."

"ಆ ನೀರು?"

"ಗುಂಡಿಗಿ ಹೋಗತೈತಿ. ಟವರಿನ ಬುಡಕ್ಕನ ತೋಡ್ಯಾರ, ಕಾಂಕ್ರೀಟಿನ ಗುಂಡಿ. ತೊಗಲು ತೊಳದ ಆಸಿಡ್ ನೀರೂ ಅಲ್ಲಿಗೇ ಬರತೈತಿ."

"ಹಂಗಂದ್ರ ನಾತ ಎಲ್ಲೂ ಹೋಗಿಲ್ಲ," ಎಂದಳು ಯಮನೂರಮ್ಮ. "ಊರಾಗ ಹರವಿದ್ದನ್ನ ಬಳದು ಹಗೇವಿಗಿ ತುಂಬ್ಯಾರ."

ಗ್ಯಾನಪ್ಪ ನಗೆ ತಡೆಯಲಾರದೆ ಕೆಮ್ಮಿದ. ನಾಳೆ ಕಾರ್ಖಾನೆಯಲ್ಲಿ ಎಲ್ಲರಿಗೂ ಇದನ್ನು ಹೇಳುತ್ತೇನೆ ಎಂದ, ಹೇಳಿಯೂ ಹೇಳಿದ. ಅಲ್ಲಿಂದ ಆ ಗುಂಡಿಗೆ ನಾತದ ಹಗೇವು ಎಂದೇ ಹೆಸರು ಬಿತ್ತು.

ಊರಿಗೆ ಸುಖ ಬಂತು, ಅದನ್ನು ಇಲ್ಲ ಎನ್ನಲಾಗದು. ಬಸ್ಸಿನ ಕಿಟಕಿ ತೆರೆದವು. ಬೀಗರು ಉಂಡು, ಮಲಗಿ, ಎದ್ದು ಹೋಗತೊಡಗಿದರು. ಆದರೆ ಯಮನೂರಮ್ಮನ ಕಣ್ಣಿಗೆ ಬೀಳಬಾರದವು ಬೀಳುತ್ತ ಹೋದವು. ಕಾರ್ಖಾನೆಯ ಮೇಲೆ ಸದಾ ಸುತ್ತುತ್ತಿದ್ದ ಕಾಗೆಗಳು ಕಾಣದಾದವು. ಗುಂಡಿಯ ಕಡೆ ಮೇಯಲು ಹೋದ ಯಾರದೋ ಆಡು ಗೋಡೆಯ ಬುಡದಲ್ಲಿ ಕಾಲು ಚಾಚಿ ಬಿದ್ದಿತ್ತು. ಹಾವು ಕಡಿದಿರಬೇಕು ಎಂದರು. ಗ್ಯಾನಪ್ಪನ ಸೊಂಟದ ಬೆಳ್ಳಿ ಉಡದಾರ ಕಾಡಿಗೆ ಬಳಿದಂತೆ ಕಪ್ಪಾಯಿತು. ಅವಳು ಅವನಿಗೆ ಬುತ್ತಿ ಕೊಡಲು ಹೋಗಿ ಟವರಿನ ನೆರಳಲ್ಲಿ ಕೂತು ಬಂದ ದಿನ ಅವಳ ಕಾಲುಂಗುರಗಳೂ ಕಪ್ಪಾಗಿದ್ದವು. ಒಲೆಯ ಬೂದಿ, ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಬೆಳ್ಳಗಾಗುತ್ತಿದ್ದವು. ಮತ್ತೆ ಹೋಗಿ ಬಂದರೆ ಮತ್ತೆ ಕಪ್ಪು. ಮುತ್ತೈದೆಯ ಕಾಲುಂಗುರ ಕಪ್ಪಾಗುವುದೆಂದರೆ ಅವಳ ಎದೆ ಸುಮ್ಮನಿದ್ದೀತೇ?

"ಮುದಗಲ್ಲಿನ ಪತ್ತಾರ ತಾಮ್ರ ಕೂಡಿಸಿ ಕೊಟ್ಟಾನ, ತಗೊ," ಎಂದ ಗ್ಯಾನಪ್ಪ.

"ಇಷ್ಟು ವರ್ಷ ಇಲ್ಲದ ತಾಮ್ರ ಈಗ ಎದ್ದು ಬಂತೇನು?"

"ಮತ್ತ ಏನಂತಿ?"

ಅವಳು ಮತ್ತೆ ಬೂದಿ ಹಿಡಿದು ಉಜ್ಜುತ್ತ ಕೂತಳು. ಅವನ ಕಣ್ಣು ಸದಾ ಕೆಂಪಗಿರುತ್ತಿದ್ದವು. ತಲೆ ಹಿಡಿದುಕೊಂಡು ಕೂರುತ್ತಿದ್ದ. ಒಂದು ದಿನ ಅವಳು ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಟ್ಟಾಗ, ಪಕ್ಕದ ಮನೆಯವರು ಘಮ ಘಮ ಎಂದು ಕೇಳಿಕೊಂಡು ಬಂದರು. ಒಲೆಯ ಮುಂದೆಯೇ ಕೂತಿದ್ದ ಗ್ಯಾನಪ್ಪ, "ಒಗ್ಗರಣಿ ಯಾವಾಗ ಹಾಕ್ತಿ?" ಎಂದು ಕೇಳಿದ. ಅವಳಿಗೆ ಹೆದರಿಕೆಯಾಯಿತು. ಅವನ ಮೂಗನ್ನೂ ಆ ಟವರು ತೊಳೆದುಬಿಟ್ಟಿತೇನೋ ಎನ್ನಿಸಿತು. ಕೆಲಸ ಬಿಡು ಎಂದಳು. ಬಿಟ್ಟು ಎಲ್ಲಿಗೆ ಹೋಗಲಿ ಎಂದ. ಕಡೆಗೆ ಅವಳು ಅವನಿಂದ ಒಂದು ಆಣೆ ಹಾಕಿಸಿಕೊಂಡಳು. ಆ ಗುಂಡಿಗೆ ಎಂದಾದರೂ ಇಳಿಯಬೇಕಾಗಿ ಬಂದರೆ ತನ್ನ ದೀಪವಿಲ್ಲದೆ ಇಳಿಯಬಾರದು. ಗ್ಯಾನಪ್ಪ ಮನೆದೇವರು ಮೈಲಾರಲಿಂಗನ ಹೆಸರು ಹೇಳಿ ಆಣೆ ಮಾಡಿದ. ಅಷ್ಟಾದ ಮೇಲೆ ಅವಳಿಗೆ ತುಸು ನಿದ್ದೆ ಹತ್ತಿತು.

ಸುಗ್ಗಿ ಮುಗಿಯುವ ಕಾಲಕ್ಕೆ ಗುಂಡಿ ಕಟ್ಟಿತು. ಸುಣ್ಣವೂ ತೊಗಲಿನ ಲೋಳೆಯೂ ಸೇರಿ ಹೊರಹೋಗುವ ಪೈಪಿನ ಬಾಯಿಯಲ್ಲಿ ಹೆಪ್ಪುಗಟ್ಟಿ, ನೀರು ಹಿಂದಕ್ಕೆ ಒತ್ತಿ, ಟವರು ಕೆಲಸ ನಿಲ್ಲಿಸಿತು. ಹಂಡೆಯ ಉಗಿ ಮತ್ತೆ ಊರ ಕಡೆ ತಿರುಗಿತು. ರಾಡಿ ಎಳೆಯಲು ಎಂಜಿನಿಯರ ಕೊಟ್ಟುಹೋಗಿದ್ದ ಪಂಪು ಅದನ್ನೇ ನುಂಗಿ ಕೆಟ್ಟು ಕೂತಿತ್ತು. ಎರಡು ದಿನ ಬಿಟ್ಟು ಸರಕಾರದ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅದರ ಹಿಂದಿನ ದಿನ ಬೆಳಗ್ಗೆಯೇ ಕಾರ್ಖಾನೆಯ ಮೇಸ್ತ್ರಿ ಚಾಂದ್‌ಪಾಷಾ ಮಸ್ಕಿಯಿಂದ ಸೈಕಲ್ ತುಳಿದುಕೊಂಡು ಗ್ಯಾನಪ್ಪನ ಮನೆಗೆ ಬಂದ. ಒಳ್ಳೆಯ ಮನುಷ್ಯ, ಆಳುಗಳ ಜೊತೆ ಕೂತು ಬುತ್ತಿ ಬಿಚ್ಚುವವನು.

"ಗ್ಯಾನಪ್ಪಾ, ಗುಂಡಿಗಿ ಇಳಿಯೋದ ಬಂದೈತಿ. ಸಾವಕಾರ ಕುಂತಲ್ಲಿ ಕೂರಾಕ ಬಿಡವಲ್ಲ. ಬಕೀಟಿಲೆ ನೀರು ಹೊರಗ ಹಾಕ್ಸೀನಿ, ತಳದ ರಾಡಿ ಅಷ್ಟ ಉಳದೈತಿ. ನಿನ್ನಿಯಿಂದ ಮುಚ್ಚಳ ತಗಸಿ ಬಿಟ್ಟೀನಿ, ಆರೇತಿ." ಆಮೇಲೆ ಯಮನೂರಮ್ಮನ ಕಡೆ ತಿರುಗಿದ. "ಯಕ್ಕಾ, ನೀ ಬಾ. ನಿನ್ನ ದೀಪ ನೋಡದ ನಾನೂ ಇಳಸಂಗಿಲ್ಲ."

ಹೀಗೆ ಹೇಳುವವನ ಮುಂದೆ ಏನೆಂದು ಜಗಳವಾಡುವುದು? ಅವಳು ಚಿಮಣಿಗೆ ಎಣ್ಣೆ ಹಾಕಿ, ಬತ್ತಿ ಹೊಸೆದು, ಗಾಜು ಒರೆಸಿದಳು. ದೇವರ ಮುಂದೆ ಕೈಮುಗಿದು ಹೊರಡುವಾಗ ಕಾಲುಂಗುರದ ಕಪ್ಪು ಕಣ್ಣಿಗೆ ಚುಚ್ಚಿತು. ಅಪಶಕುನ ಬೇಡವೆಂದು ಕೂತು, ಬೂದಿ ಹಚ್ಚಿ, ಹೊಸದರಂತೆ ಹೊಳೆಯುವ ತನಕ ಉಜ್ಜಿದಳು. ಗಂಡ ಬಾಗಿಲಲ್ಲಿ ನಿಂತು, "ನೀ ಏನ್ ಮದಿವಿಗಿ ಹೊಂಟಿ ಏನು?" ಎಂದು ಅವಸರ ಮಾಡಿದ.

ಗುಂಡಿಯ ಬಾಯಿ ಹಗೇವಿನ ಬಾಯಿಗಿಂತ ದೊಡ್ಡದು. ಗೋಡೆಗೆ ಕಬ್ಬಿಣದ ಮೆಟ್ಟಿಲು ಹೊಡೆದಿದ್ದರು. ಸುತ್ತ ಮಲ್ಲಿಗೆಯ ವಾಸನೆ, ಉಸಿರು ಕಟ್ಟುವಷ್ಟು. ತಪಾಸಣೆಯ ಮುಂಚೆ ಸಾವಕಾರ ಎಣ್ಣೆಯ ನಳ ಪೂರ್ತಿ ತಿರುಗಿಸಿ ಬಿಟ್ಟಿದ್ದ. ಯಮನೂರಮ್ಮ ಎಂದಿನಂತೆ ಬಾಯಿಯ ಅಂಚಿಗೆ ಕೂತು, ಹಗ್ಗ ಬಿಡುತ್ತ ಬಂದಳು. ಚಿಮಣಿ ಗೋಡೆಗೆ ತಾಗದೆ ನೆಟ್ಟಗೆ ಇಳಿಯಿತು. ಒಂದು ಉಸಿರಿನಷ್ಟು ಹೊತ್ತು ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಂದು ಹೋದಂತಾಯಿತು. ಅವಳು ಮತ್ತೊಮ್ಮೆ ಮೂಗೆಳೆದು ನೋಡಿದಳು. ಏನೂ ಇಲ್ಲ, ಮಲ್ಲಿಗೆ ಮಾತ್ರ. ಕೆಳಗೆ ರಾಡಿಯ ಒಂದು ಗೇಣು ಮೇಲೆ ದೀಪ ನಿಂತಿತು. ಸಣ್ಣಗಾಗಲಿಲ್ಲ, ಹೊಗೆಯಾಡಲಿಲ್ಲ. ಹಳದಿ ಕುಡಿ ನೆಟ್ಟಗೆ ನಿಂತು ಉರಿಯಿತು. ಅವಳು ಸಾಕಷ್ಟು ಹೊತ್ತು ನೋಡಿದಳು. ಚಾಂದ್‌ಪಾಷಾ, ಮೈಲಾರಿ, ಉಳಿದ ಆಳುಗಳು ಎಲ್ಲರೂ ಬಗ್ಗಿ ನೋಡಿದರು.

"ದೀಪ ಐತಿ," ಎಂದಳು. "ಇಳಿ."

ಗ್ಯಾನಪ್ಪ ಅಂಗಿ ಕಳಚಿ ತಮ್ಮನ ಕೈಗೆ ಕೊಟ್ಟ. ಯಮನೂರಮ್ಮ ಹಗ್ಗ ಕಟ್ಟಿಕೊ ಎಂದರೆ, ಬಿದಿರಿನ ಗಳ ತಿರುಗಿಸುವಾಗ ಕಾಲಿಗೆ ಸುತ್ತುತ್ತದೆ, ಮೆಟ್ಟಿಲು ಇದೆಯಲ್ಲ ಎಂದ. ಹಗೇವಿಗೆ ಮೆಟ್ಟಿಲು ಇರುತ್ತಿರಲಿಲ್ಲ, ಅದಕ್ಕೇ ಹಗ್ಗ. ಇಲ್ಲಿ ಮೆಟ್ಟಿಲು ಇತ್ತು. ಅದೂ ಸರಿಯಾಗಿಯೇ ಕಂಡಿತು. ಅವನು ಇಳಿದು, ಮೊಣಕಾಲು ಮಟ್ಟದ ರಾಡಿಯಲ್ಲಿ ನಿಂತು, ಉದ್ದನೆಯ ಗಳದಿಂದ ಪೈಪಿನ ಬಾಯಿಯ ಹೆಪ್ಪನ್ನು ತಿವಿದ. ಹೆಪ್ಪು ಬಿರಿದು ರಾಡಿಯಲ್ಲಿ ಬುಳುಬುಳು ಎಂದು ಗುಳ್ಳೆ ಎದ್ದಿತು.

"ಹೆಂಗೈತಿ?" ಎಂದು ಮೇಲಿನಿಂದ ಯಮನೂರಮ್ಮ ಕೇಳಿದಳು.

"ಬೆಸ್ಟ್ ಐತಿ. ನಿಮ್ಮ ಮಲ್ಲಿಗಿನೂ ಇಲ್ಲ ಇಲ್ಲಿ," ಎಂದ ಗ್ಯಾನಪ್ಪ. "ಏನೂ ವಾಸನಿ ಇಲ್ಲ."

ಅದೇ ಅವನ ಕೊನೆಯ ಮಾತು. ಇನ್ನೊಂದು ಸಲ ತಿವಿಯಲು ಗಳ ಎತ್ತಿದವನು, ಕೆಲಸ ಸಾಕಾಯಿತೆಂಬಂತೆ ಗಳ ಬಿಟ್ಟ. ಗೋಡೆಗೆ ಒರಗಿ ಕೂತ. ಹಾಗೆಯೇ ಪಕ್ಕಕ್ಕೆ ವಾಲಿದ. ಚೀರಲಿಲ್ಲ, ಕೈಕಾಲು ಬಡಿಯಲಿಲ್ಲ. ಅವನ ತಲೆಯ ಹತ್ತಿರ ಚಿಮಣಿ ಮೊದಲಿನಂತೆಯೇ ಉರಿಯುತ್ತಿತ್ತು.

"ಅಣ್ಣಾ," ಎಂದು ಮೈಲಾರಿ ಕೂಗಿದ. ಕೂಗುತ್ತಲೇ ಮೆಟ್ಟಿಲ ಮೇಲೆ ಕಾಲಿಟ್ಟ. "ಕಾಲು ಜಾರೇತಿ. ನೀರು ಕುಡಿಯೋದ್ರಾಗ ಎತ್ತಬೇಕು."

ಎಲ್ಲರೂ ಯಮನೂರಮ್ಮನ ಮುಖ ನೋಡಿದರು. ದೀಪ ಉರಿಯುತ್ತಿದೆ, ಅವಳು ಇಳಿ ಎನ್ನಬೇಕು, ಅಷ್ಟೇ ಬಾಕಿ. ಅವಳ ಬಾಯಿಗೂ ಅದೇ ಮಾತು ಬಂದಿತ್ತು. ಕೆಳಗಿರುವವನು ಅವಳ ಗಂಡ. ಇಳಿ ಎಂದರೆ ಬದುಕಿ ಬಂದಾನು, ತಡ ಮಾಡಿದರೆ ಸತ್ತೇ ಹೋದಾನು. ಆದರೆ ಜಾರಿದವನು ಹೀಗೆ ಬೀಳುವುದಿಲ್ಲ. ಅಪ್ಪ ಬಸ್ಸಪ್ಪ ಕಾಳಿನ ಮೇಲೆ ಹೀಗೆಯೇ, ಮೊದಲು ಕೂತು, ಆಮೇಲೆ ವಾಲಿದ್ದ. ಕುಕ್ಕರುಗಾಲಲ್ಲಿ ಕೂತಿದ್ದ ಅವಳ ಕಾಲು ಗುಂಡಿಯ ಅಂಚಿಗಿತ್ತು, ಬೆರಳು ಕಣ್ಣಿಗೆ ಬಿದ್ದವು. ಬೆಳಗ್ಗೆ ಹೊಳೆಯುವಂತೆ ಉಜ್ಜಿಕೊಂಡು ಬಂದಿದ್ದ ಕಾಲುಂಗುರ ಇದ್ದಿಲಾಗಿತ್ತು.

"ಬ್ಯಾಡ," ಎಂದಳು.

"ದೀಪ ಐತಲ್ಲ ಅತ್ತಿಗಿ."

"ದೀಪ ಸುಳ್ಳು ಹೇಳಾಕತ್ತೈತಿ. ಇಳಿಬ್ಯಾಡ."

ಮೈಲಾರಿ ಕೇಳಲಿಲ್ಲ. ಅವಳು ಅವನ ಜುಟ್ಟು ಹಿಡಿದಳು, ರಟ್ಟೆ ಹಿಡಿದಳು, ಅವನು ಕೊಸರಿಕೊಂಡಾಗ ಮೆಟ್ಟಿಲ ಮೇಲೆಯೇ ಕಾಲು ಚಾಚಿ ಅಡ್ಡ ಕೂತುಬಿಟ್ಟಳು. ನನ್ನ ಎದೆ ಮೇಲೆ ಕಾಲಿಟ್ಟು ಇಳಿ ಎಂದಳು. ಚಾಂದ್‌ಪಾಷಾ ಕಾರ್ಖಾನೆಯ ಬಾವಿಯ ಕಡೆ ಓಡಿ, ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದ. ಅದರ ಕೊಕ್ಕೆಗಳನ್ನು ಇಳಿಬಿಟ್ಟು ತಡಕಾಡಿದರು. ಕೊಕ್ಕೆ ಕಡೆಗೆ ಸಿಕ್ಕಿಕೊಂಡದ್ದು ಗ್ಯಾನಪ್ಪನ ಉಡದಾರಕ್ಕೆ. ಬೆಳ್ಳಿಯ ಉಡದಾರ ಹರಿಯಲಿಲ್ಲ. ಕೊಡದ ಹಾಗೆ ಬಾಗಿ ಅವನು ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೊಲೀಸರು ಬಂದರು, ಕಾಲು ಜಾರಿ ಬಿದ್ದು ಸತ್ತ ಎಂದು ಬರೆದುಕೊಂಡರು. ಅಲ್ಲಿದ್ದವರೆಲ್ಲ ಕಂಡದ್ದನ್ನೇ ಹೇಳಿದ್ದರು: ದೀಪ ಆರಿರಲಿಲ್ಲ. ದೀಪ ಆರದಿದ್ದರೆ ಗಾಳಿ ಚೆನ್ನಾಗಿತ್ತು. ಗಾಳಿ ಚೆನ್ನಾಗಿದ್ದರೆ ಜಾರಿಯೇ ಬಿದ್ದಿರಬೇಕು. ಜಾರಿ ಬಿದ್ದವನನ್ನು ಎತ್ತಲು ಹೋದ ತಮ್ಮನನ್ನು ತಡೆದವಳು ಯಾರು? ಈ ಲೆಕ್ಕ ಊರಿನಲ್ಲಿ ಮನೆಯಿಂದ ಮನೆಗೆ ನಡೆಯಿತು. ಮಣ್ಣು ಮುಗಿಸಿ ಬಂದ ಮೈಲಾರಿ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. "ಈಕಿ ಬಿಟ್ಟಿದ್ರ ನಮ್ಮಣ್ಣ ಬದುಕತಿದ್ದ." ಅಷ್ಟು ಹೇಳಿ ಪಕ್ಕದ ಕೋಣೆಗೆ ಒಲೆ ಬೇರೆ ಹೂಡಿದ. ಅಲ್ಲಿಂದ ಅವನ ಬಾಯಲ್ಲಿ ಅತ್ತಿಗಿ ಎಂಬ ಮಾತು ಸತ್ತಿತು.

ಹೆಂಗಸರು ಬಳೆ ಒಡೆದು ಕಾಲುಂಗುರ ತೆಗೆಯುವಾಗ ಅದರ ಬಣ್ಣ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಮನೂರಮ್ಮ ಅದನ್ನು ಯಾರಿಗೂ ಕೊಡದೆ ತಾನೇ ಇಟ್ಟುಕೊಂಡಳು. ಊರಿನವರ ಮಾತು ಅವಳನ್ನು ಅಷ್ಟು ಸುಡಲಿಲ್ಲ. ಅವಳನ್ನು ಸುಟ್ಟದ್ದು ತನ್ನದೇ ಮಾತು. ಇಳಿ ಎಂದವಳು ತಾನು. ಅಪ್ಪನ ಸಾವಿನ ಹೆದರಿಕೆಯಿಂದ ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ದೀಪವೇ ಗಂಡನನ್ನು ಸಾವಿಗೆ ಕೊಟ್ಟಿತ್ತು. ಅದು ಹೇಗೆ ಎಂದು ತಿಳಿಯದೆ ಅವಳಿಗೆ ಅಳಲೂ ಆಗಲಿಲ್ಲ.

ಕಾಲುಂಗುರಗಳನ್ನು ಉಜ್ಜಿ ದೇವರ ಗೂಡಿನಲ್ಲಿಟ್ಟಳು. ದಿನ ಕಳೆದರೂ ಬೆಳ್ಳಗೇ ಇದ್ದವು. ಹೊಲಕ್ಕೆ ಒಯ್ದಳು, ಬೆಳ್ಳಗಿದ್ದವು. ಹಾಳುಬಿದ್ದ ಹಳೆಯ ಹಗೇವಿನೊಳಗೆ ದಾರ ಕಟ್ಟಿ ಬಿಟ್ಟಳು, ಆಗಲೂ ಬೆಳ್ಳಗಿದ್ದವು. ಜೊತೆಗೆ ಇಳಿಬಿಟ್ಟ ಚಿಮಣಿ ಮಾತ್ರ ಅಲ್ಲಿ ಪಕ್ಕನೆ ಆರಿತು. ಆಮೇಲೆ ಒಂದು ಸಂಜೆ ಕಾರ್ಖಾನೆಯ ಗೋಡೆಯ ಹೊರಗೆ, ಗುಂಡಿಯ ನೀರು ಹಾಯುವ ಮೋರಿಯ ಮೇಲೆ ಹಿಡಿದಳು. ನೋಡುತ್ತಿದ್ದಂತೆ ಹಳದಿಯಾಗಿ, ಕಂದಾಗಿ, ಕಪ್ಪಾದವು. ಮಲ್ಲಿಗೆಯ ವಾಸನೆ ಸುತ್ತಲೂ ಇತ್ತು. ಹಗೇವಿನ ಗಾಳಿ ದೀಪವನ್ನು ತಿನ್ನುತ್ತದೆ, ಈ ಗಾಳಿ ಬೆಳ್ಳಿಯನ್ನು ತಿನ್ನುತ್ತದೆ ಎಂದು ಅವಳಿಗೆ ಅಲ್ಲಿಯೇ ಅರ್ಥವಾಯಿತು. ಹೇಳೋಣವೆಂದರೆ ಕೇಳುವವರು ಯಾರಿದ್ದರು?

ಮಳೆಗಾಲ ಕಳೆದು ಗುಂಡಿ ಮತ್ತೆ ಕಟ್ಟಿತು. ಅವಳಿಗೆ ಅದು ತಿಳಿದದ್ದು ಮೈಲಾರಿ ಒಳಗೆ ಬಂದು, ಅವಳ ಕಡೆ ನೋಡದೆ, ಗೂಡಿನಿಂದ ಚಿಮಣಿ ತೆಗೆದುಕೊಂಡಾಗ.

"ಯಾರು ಇಳಿಯಾರು?" ಎಂದು ಕೇಳಿದಳು.

"ನಾ," ಎಂದ, ಗೋಡೆಗೆ ಹೇಳಿದಂತೆ.

ಅವಳು ಕಾಲುಂಗುರವನ್ನೂ ಒಂದು ಹಿಡಿ ಬೂದಿಯನ್ನೂ ಸೆರಗಿಗೆ ಕಟ್ಟಿಕೊಂಡು ಅವನ ಹಿಂದೆ ನಡೆದಳು. ಗುಂಡಿಯ ಹತ್ತಿರ ಆಳುಗಳು ಅವಳನ್ನು ಕಂಡು ಸರಿದು ನಿಂತರು. ಒಬ್ಬನಂತೂ ಉಗುಳಿದ. ಮೈಲಾರಿ ಚಿಮಣಿ ಹಚ್ಚಿ ಹಗ್ಗಕ್ಕೆ ಕಟ್ಟುತ್ತಿದ್ದ. ಯಮನೂರಮ್ಮ ಅವನ ಎದುರಿಗೇ ಕೂತು, ಅವನ ಕಣ್ಣ ಮುಂದೆಯೇ ಉಂಗುರ ಉಜ್ಜಿದಳು, ಬೆಳದಿಂಗಳಂತೆ ಆಗುವ ತನಕ.

"ಇದನ್ನೂ ದೀಪದ ಜೋಡಿ ಕಟ್ಟು. ಮೊದಲ ಮ್ಯಾಲಿಂದ ಗಳ ಹಾಕಿ ರಾಡಿ ಕಲಕು, ಆಮ್ಯಾಲ ಬಿಡು. ಬೆಳ್ಳಗ ಬಂದ್ರ ಇಳಿ, ನಾ ಏನೂ ಅನ್ನಂಗಿಲ್ಲ."

"ರಂಡಿ ಮುಂಡಿ ಉಂಗುರ ಕಟ್ಟ್ಕೊಂಡು ಕೆಲಸ ಶುರು ಮಾಡಬೇಕೇನು," ಎಂದು ಉಗುಳಿದವನು ಗೊಣಗಿದ.

ಮೈಲಾರಿಯ ಕೈ ನಿಂತಿತು. ಚಾಂದ್‌ಪಾಷಾ ನೆಲ ನೋಡುತ್ತ ಹೇಳಿದ. "ಕಟ್ಟಲಿ ಬಿಡು ಮೈಲಾರಿ. ಅವತ್ತಿನಿಂದ ನನಗ ಈ ದೀಪದ ಮ್ಯಾಲೂ ನಂಬಿಕಿ ಇಲ್ಲ."

ಗಳ ಹಾಕಿ ಕಲಕಿದರು. ಬುಳುಬುಳು ಗುಳ್ಳೆ ಎದ್ದವು. ದೀಪವೂ ಉಂಗುರವೂ ಒಟ್ಟಿಗೆ ಇಳಿದವು. ಕೆಳಗೆ ಹಳದಿ ಕುಡಿ ನೆಟ್ಟಗೆ ನಿಂತು ಉರಿಯಿತು, ಅವತ್ತಿನ ಹಾಗೆಯೇ. ಎಲ್ಲರೂ ಕಂಡರು. ಮೈಲಾರಿ ಅಂಗಿಯ ಗುಂಡಿ ಬಿಚ್ಚತೊಡಗಿದ.

"ಹಗ್ಗ ಎಳಿ," ಎಂದಳು ಯಮನೂರಮ್ಮ.

ಎಳೆದ. ದೀಪ ಉರಿಯುತ್ತಲೇ ಬಂತು. ಅದರ ಮಗ್ಗುಲಲ್ಲಿ ಉಂಗುರ ತೂಗುತ್ತಿತ್ತು, ಹಂಚಿನ ಮಸಿಗಿಂತ ಕಪ್ಪಗೆ. ಮೈಲಾರಿ ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒರೆಸಿದ, ಹೋಗಲಿಲ್ಲ. ಅಂಗಿಯ ಚುಂಗಿನಿಂದ ಉಜ್ಜಿದ, ಹೋಗಲಿಲ್ಲ. ಗುಂಡಿಯ ಕಡೆ ನೋಡಿದ, ಅವಳ ಕಾಲಿನ ಕಡೆ ನೋಡಿದ. ಅವತ್ತು ಮೆಟ್ಟಿಲಿಗೆ ಅಡ್ಡ ಚಾಚಿದ್ದ ಕಾಲು. ಬಗ್ಗಿ ಚಿಮಣಿಯನ್ನು ಊದಿ ಆರಿಸಿದ.

"ಮನಿಗಿ ನಡಿ ಅತ್ತಿಗಿ," ಎಂದ ಕಡೆಗೆ.

ಅವಳು ಏಳಲಿಲ್ಲ. ಅವನ ಅಂಗೈಯಿಂದ ಉಂಗುರ ತೆಗೆದುಕೊಂಡು, ತನ್ನ ಬರಿಯ ಕಾಲ್ಬೆರಳಿನ ಪಕ್ಕ ಇಟ್ಟು ನೋಡಿದಳು. ಗಂಡ ಸತ್ತಾಗಿನಿಂದ ತಡೆದಿದ್ದ ಅಳು ಆಗ ಬಂತು.

"ಅವತ್ತ ಇದು ನನ್ನ ಕಾಲಾಗ ಇತ್ತಲ್ಲೋ ತಮ್ಮಾ," ಎಂದಳು. "ಅವತ್ತ ನಾ ಇದನ್ನ ಇಳಿಬಿಡಬೇಕಿತ್ತು."

ಮೈಲಾರಿ ಅವಳ ಪಕ್ಕದಲ್ಲಿ ಕೂತ. ಮೇಲೆ ಟವರಿನ ಫ್ಯಾನು ತಿರುಗುತ್ತಲೇ ಇತ್ತು, ಗಾಳಿ ಮಲ್ಲಿಗೆಯ ವಾಸನೆ ಹೊತ್ತು ಊರಿನ ಕಡೆ ಹೋಗುತ್ತಿತ್ತು.